ನವೆಂಬರ್ 1ಕ್ಕೆ ನಮ್ಮ ರಾಜ್ಯದಲ್ಲಿ ಏನೇನಾಗಿದೆ? 1956 ಬಿಟ್ಟು ಬೇರೇನಾದ್ರೂ ಇದ್ಯಾ?

ಕ್ವಿಜ್_ಹುಚ್ಚ: ಆಫೀಸಲ್ಲಿ ರಾಜ್ಯೋತ್ಸವಕ್ಕೆ ಕ್ವಿಜ್ ಮಾಡೋ ಕೆಲಸ ನನ್ ತಲೆಗೆ ಕಟ್ಟಿದಾರೆ. ಏಕೀಕರಣ ಆಯ್ತು ಅನ್ನೋದು ಎಲ್ರಿಗೂ ಗೊತ್ತು, ಅದನ್ನೇ ಕೇಳಿದ್ರೆ ಜನ ಆಕಳಿಸ್ತಾರೆ. ಅದೇ ತಾರೀಖಿಗೆ ಬೇರೆ ಏನಾದ್ರೂ ಸ್ವಲ್ಪ ಖಾರವಾಗಿರೋದು ಇದ್ರೆ ಹೇಳಿ.

ಹಳೇಮೈಸೂರು: 1956ರಲ್ಲೇ ಬೇಕಾದಷ್ಟಿದೆ ಗುರು. ಅಕ್ಟೋಬರ್ 31ರವರೆಗೂ ಕಡಿದಾಳ್ ಮಂಜಪ್ಪ ಸಿಎಂ, ಆಗಸ್ಟಲ್ಲಷ್ಟೇ ಕುರ್ಚಿ ಹತ್ತಿದ್ರು, ಮಾರನೇ ದಿನ ದೊಡ್ಡ ರಾಜ್ಯಕ್ಕೆ ನಿಜಲಿಂಗಪ್ಪ ಬಂದ್ರು. ಜಯಚಾಮರಾಜ ಒಡೆಯರ್ ಕಥೆ ಇನ್ನೂ ಮಜಾ, ಮಹಾರಾಜರಾಗಿದ್ದೋರು ರಾಜಪ್ರಮುಖರಾದ್ರು (ರಾಜ್ಯಪಾಲರ ಥರದ್ದೇ ಹುದ್ದೆ), ಆ ಹುದ್ದೆನೇ ರದ್ದಾಗಿ ನವೆಂಬರ್ 1ಕ್ಕೆ ರಾಜ್ಯಪಾಲರಾದ್ರು. ಇದನ್ನ ಕೇಳಿ ನೋಡಿ, ಅರ್ಧ ಜನ ಔಟ್.

ಬೀದರ್_ಹುಡುಗ: ನಮ್ಮ ಕಡೀದೂ ಹಾಕ್ರಿ ಸ್ವಲ್ಪ. ಅವತ್ತು ಹೈದರಾಬಾದ್ ರಾಜ್ಯನೇ ಮೂರು ತುಂಡಾತು, ತೆಲಂಗಾಣ ಆಂಧ್ರಕ್ಕ, ಮರಾಠವಾಡ ಬಾಂಬೆಗೆ, ಬೀದರ್ ಗುಲ್ಬರ್ಗಾ ರಾಯಚೂರು ಮೈಸೂರಿಗೆ. ದೇಶಕ್ಕ ಸ್ವಾತಂತ್ರ್ಯ ಬಂದ್ರೂ ನಾವು 1948ರ ಸೆಪ್ಟೆಂಬರ್ 17ರ ತನಕ ನಿಜಾಮನ ಕೈಯಾಗೇ ಇದ್ವಿ, ಆಮ್ಯಾಲೆ ಎಂಟು ವರ್ಷಕ್ಕ ಮತ್ತೊಂದು ರಾಜ್ಯ. ರಾಜ್ಯೋತ್ಸವ ಅಂದ್ರ ಬರೇ ಬೆಂಗಳೂರಿನ ಫ್ಲೆಕ್ಸ್ ಅಲ್ರೀ.

ಕ್ವಿಜ್_ಹುಚ್ಚ: ಸೂಪರ್ ಇಬ್ರಿಗೂ. 1973ರಲ್ಲಿ ಮೈಸೂರು ರಾಜ್ಯ ಅನ್ನೋ ಹೆಸರು ಕರ್ನಾಟಕ ಅಂತ ಆಗಿದ್ದೂ ಅದೇ ದಿನ ತಾನೇ?

ಹಳೇಮೈಸೂರು: ಹೂಂ, ದೇವರಾಜ ಅರಸರ ಕಾಲ. ವಿಧಾನಸಭೆ ನಿರ್ಣಯ ಮಾತ್ರ 1972ರ ಜುಲೈ 27ಕ್ಕೇ ಆಗಿದ್ದು, ಜಾರಿಗೆ ಬಂದಿದ್ದು 1973ರ ನವೆಂಬರ್ 1ಕ್ಕೆ, ಎರಡನ್ನೂ ಕಲಸಬೇಡಿ. ಅಂದ್ರೆ 17 ವರ್ಷ ಬೀದರಿನೋರೂ ಕಾರವಾರದೋರೂ ಎಲ್ರೂ ಕಾಗದದಲ್ಲಿ ಮೈಸೂರು ರಾಜ್ಯದೋರೇ, ಅಲ್ಲಿನ ಜನಕ್ಕೆ ಉರಿದಿದ್ರೆ ಆಶ್ಚರ್ಯ ಇಲ್ಲ ಬಿಡಿ.

ಊರುಸುತ್ತಿ: 2014 ಮರೆತ್ರಾ? ಬೆಂಗಳೂರು, ಬೆಳಗಾವಿ, ಕಲಬುರಗಿ, ವಿಜಯಪುರ ಎಲ್ಲ ಸೇರಿ 12 ಊರಿಗೆ ಇಂಗ್ಲಿಷಲ್ಲೂ ಕನ್ನಡದ ಹೆಸರೇ ಅಂತಾಗಿದ್ದು ಅವತ್ತೇ. ಬೆಂಗಳೂರು ಅಂತ ಬದಲಿಸಿ ಅಂತ ಮೊದಲೇ ಹೇಳಿದ್ದ ಅನಂತಮೂರ್ತಿ ಅದೇ ವರ್ಷ ಆಗಸ್ಟಲ್ಲಿ ಹೋಗ್ಬಿಟ್ರು. ಬೋನಸ್ ಪ್ರಶ್ನೆ ಬೇಕಾದ್ರೆ ಇದೇ ತಾರೀಖಿಗೆ ಹುಟ್ಟಿದ ಬೇರೆ ರಾಜ್ಯ ಕೇಳಿ: ಕೇರಳ 1956, ಹರಿಯಾಣ 1966, ಛತ್ತೀಸ್‌ಗಢ 2000.

ಬೀದರ್_ಹುಡುಗ: ಕೇರಳ ಅಂದ್ರ ಕಾಸರಗೋಡೂ ಕೇಳ್ರಿ. ಮದ್ರಾಸಿನ ದಕ್ಷಿಣ ಕನ್ನಡ ಜಿಲ್ಲಾದಾಗಿತ್ತು, ಜಿಲ್ಲಾ ನಮಗ ಬಂತು, ಆ ತಾಲೂಕು ಆ ಕಡೆ ಹೋತು. ಕೊಯಮತ್ತೂರು ಜಿಲ್ಲಾದಾಗಿದ್ದ ಕೊಳ್ಳೇಗಾಲ ಈ ಕಡೆ ಬಂತು.

ಕ್ವಿಜ್_ಹುಚ್ಚ: ಕೊಳ್ಳೇಗಾಲ ಫೈನಲ್ ರೌಂಡಿಗೆ. ನಮ್ ಮ್ಯಾನೇಜರ್ ಅಲ್ಲಿಯವ್ರೇ, ಅವ್ರಿಗೇ ಕೇಳ್ತೀನಿ.