ಮಗಳ ಶಾಲೆಯ ಗೋಡೆ ಮೇಲೆ ದೇವರ ಮಾತು: ತಕರಾರು ಎತ್ತಬೇಕಾ, ಸುಮ್ಮನಿರಬೇಕಾ?

ಮಂಡ್ಯದವಳು_ಟೆಕ್ಸಸ್:
ನಾವಿರೋದು ಡಲ್ಲಾಸ್ ಹತ್ರ. ಮಗಳು ಐದನೇ ಗ್ರೇಡು, ಸರ್ಕಾರಿ ಶಾಲೆ. ಒಳಗೆ ಕಾಲಿಟ್ಟ ಕೂಡಲೇ ಆಫೀಸಿನ ಎದುರಿಗೆ ‘ಇನ್ ಗಾಡ್ ವಿ ಟ್ರಸ್ಟ್’ (ದೇವರಲ್ಲಿ ನಮ್ಮ ನಂಬಿಕೆ) ಅಂತ ಕಟ್ಟು ಹಾಕಿದ ಪೋಸ್ಟರ್ ಇದೆ, ಕೆಳಗೆ ಅಮೆರಿಕದ ಬಾವುಟ, ಟೆಕ್ಸಸ್ ಬಾವುಟ. ಯಾರಾದರೂ ಇದನ್ನು ದಾನ ಕೊಟ್ಟರೆ ಶಾಲೆ ಎದ್ದು ಕಾಣುವ ಜಾಗದಲ್ಲಿ ಹಾಕಲೇಬೇಕು ಅಂತ 2021ರಲ್ಲಿ ಕಾಯ್ದೆ ಆಗಿದೆ. ಡಾಲರ್ ನೋಟಲ್ಲೇ ಇರುವ ಮಾತು, ಬಿಡು ಅಂತ ಸುಮ್ಮನಿದ್ದೆ.

ಈಗ ಕ್ಲಾಸಿನೊಳಗೇ ಬೈಬಲಿನ ದಶಾಜ್ಞೆ, ಅಂದ್ರೆ ದೇವರ ಹತ್ತು ಕಟ್ಟಳೆ, ಪೋಸ್ಟರ್ ಆಗಿ ಬಂದಿದೆ. 2025ರ ಕಾಯ್ದೆ, ಕನಿಷ್ಠ 16x20 ಇಂಚು, ಕ್ಲಾಸಿನ ಯಾವ ಮೂಲೆಯಿಂದಲೂ ಓದುವ ಹಾಗಿರಬೇಕಂತೆ. ಮೊದಲಿಗೇ ‘ನನ್ನ ಹೊರತು ನಿನಗೆ ಬೇರೆ ದೇವರಿರಬಾರದು’, ಆಮೇಲೆ ‘ವಿಗ್ರಹ ಮಾಡಿಕೊಳ್ಳಬೇಡ’. ಗೌರಿ ಹಬ್ಬಕ್ಕೆ ಬಾಗಿನ ಜೋಡಿಸ್ತಾ ಕೂತಿದ್ದಾಗ ಮಗಳು ಕೇಳಿದಳು, “ಅಮ್ಮಾ, ನಾವು ಮಾಡೋದು ರೂಲ್ಸಿಗೆ ವಿರುದ್ಧನಾ?”

ನಮ್ಮೆಜಮಾನ್ರು “ವಿಧಾನಸೌಧದ ಮೇಲೇ ‘ಸರ್ಕಾರದ ಕೆಲಸ ದೇವರ ಕೆಲಸ’ ಅಂತ ಬರೆದಿಲ್ವಾ? ಅದನ್ನ ನೋಡಿಕೊಂಡೇ ಬೆಳೆದವಳು ನೀನು, ಇಲ್ಲೇನು ತಕರಾರು?” ಅಂತಾರೆ. ಎರಡೂ ಒಂದೇ ಅಂತ ನನಗೆ ಅನಿಸ್ತಿಲ್ಲ. ಯಾಕೆ ಅಂತ ಹೇಳಕ್ಕೂ ಬರ್ತಿಲ್ಲ. ದಿನಾ ದೀಪ ಹಚ್ಚೋಳು ನಾನು, ನಾಸ್ತಿಕಳಲ್ಲ. ಅದಕ್ಕೇ ಇನ್ನಷ್ಟು ಗೊಂದಲ.

ಗ್ರೀನ್‌ಕಾರ್ಡ್_ಕ್ಯೂ:
ವೀಸಾ ಮೇಲಿದ್ದೀರಾ? ಹಾಗಿದ್ರೆ ಸುಮ್ಮನಿರಿ ಅಕ್ಕ. ಮನೇಲಿ ಮಗೂಗೆ ಹೇಳಿಕೊಟ್ಟರೆ ಸಾಕು.

ನಿವೃತ್ತ_ಗುಮಾಸ್ತ:
ಮೇಡಂ, ಆ ಸಾಲಿನ ಕೆಳಗೇ ಓಡಾಡಿಕೊಂಡು ಸಂಬಳ ಎಣಿಸಿದವನು ನಾನು. ಕೆಂಗಲ್ ಹನುಮಂತಯ್ಯನವರು ಅದನ್ನು ಬರೆಸಿದ್ದು ಒಳಗೆ ಕೂರುವ ನಮ್ಮಂಥವರನ್ನು ನೋಡಿ. ಅರ್ಜಿ ಹಿಡಿದು ಬಂದ ರೈತ ಯಾವ ದೇವರಿಗೆ ಕೈ ಮುಗೀತಾನೆ ಅಂತ ಅದು ಕೇಳೋದಿಲ್ಲ. ‘ನೀನು ಫೈಲು ಮುಂದಕ್ಕೆ ಕಳಿಸಯ್ಯಾ’ ಅನ್ನುತ್ತೆ. ನಾವು ಕಳಿಸಿದೆವಾ ಅನ್ನೋದು ಬೇರೆ ಪುರಾಣ! ನಿಮ್ಮ ಮಗಳ ಕ್ಲಾಸಿನ ಪೋಸ್ಟರ್ ಮಾತಾಡೋದು ಮಗುವಿನ ಜೊತೆ, ಅದೂ ಯಾವ ದೇವರು ಅಂತ ಬೆರಳು ತೋರಿಸಿ.

ಆದರೆ ನಾವೇನೋ ಬಲು ಸಾಚಾ ಅಂದುಕೊಳ್ಳೋದೂ ಬೇಡ. ನಾನಿದ್ದ ಇಲಾಖೆಯಲ್ಲಿ ಆಯುಧಪೂಜೆಗೆ ಎಲ್ಲರಿಂದಲೂ ಚಂದಾ ಎತ್ತುತ್ತಿದ್ದರು. ಟೈಪಿಂಗ್ ಮೆಷೀನು, ಬೀರು, ಜೀಪು ಎಲ್ಲಕ್ಕೂ ಕುಂಕುಮ, ಬಾಗಿಲಲ್ಲಿ ಬೂದುಗುಂಬಳ. ಜೊತೆಯಲ್ಲಿದ್ದ ಸಾಬರೊಬ್ಬರು ವರ್ಷವೂ ಚಂದಾ ಕೊಟ್ಟು, ಪೂಜೆ ಹೊತ್ತಿಗೆ ಸರಿಯಾಗಿ ಟೀ ಕುಡಿಯೋಕೆ ಇಳಿದು ಹೋಗೋರು. ಅವರು ಬಾಯಿಬಿಟ್ಟು ಏನೂ ಅನ್ನಲಿಲ್ಲ, ನಾವ್ಯಾರೂ ಕೇಳಲೂ ಇಲ್ಲ. ನಿಮ್ಮ ಪತ್ರ ಓದಿದಾಗ ಅವರು ಮೆಟ್ಟಿಲಿಳಿಯುವುದೇ ಕಣ್ಣಿಗೆ ಬಂತು.

ಇನ್ನೊಂದು ಸಂಗತಿ. ಸಂವಿಧಾನ ಸಭೆಯಲ್ಲಿ ನಮ್ಮ ಮಂಗಳೂರಲ್ಲಿ ಹುಟ್ಟಿದ ಎಚ್.ವಿ. ಕಾಮತ್ ಪೀಠಿಕೆಯನ್ನು ‘ದೇವರ ಹೆಸರಿನಲ್ಲಿ’ ಅಂತಲೇ ಶುರು ಮಾಡೋಣ ಎಂದರು. 1949ರ ಅಕ್ಟೋಬರ್ 17. ಮತಕ್ಕೆ ಹಾಕಿದಾಗ ಪರ 41, ವಿರುದ್ಧ 68. ಬೇಡ ಅಂದವರಲ್ಲಿ ದೇವರನ್ನು ನಂಬುವವರೂ ಇದ್ದರು. ನಂಬಿಕೆ ನನ್ನದು, ಅದನ್ನು ಎಲ್ಲರ ಬಾಯಲ್ಲಿ ಹೇಳಿಸುವುದು ಸರಿಯಲ್ಲ ಅನ್ನೋದು ಅವರ ವಾದ. ದೀಪ ಹಚ್ಚುವ ನೀವು ಗೊಂದಲ ಪಡಬೇಕಾದ್ದೇನಿಲ್ಲ.

ಜರ್ಸಿ_ವಕೀಲ:
ಕಾನೂನಿನ ಕಡೆಯಿಂದ ಸ್ವಲ್ಪ. ‘ಇನ್ ಗಾಡ್ ವಿ ಟ್ರಸ್ಟ್’ ಅನ್ನೋ ಘೋಷವಾಕ್ಯ ಅಮೆರಿಕ ದೇಶ ಕಟ್ಟಿದವರ ಕಾಲದ್ದು ಅಂತ ಜನ ತಿಳಿದಿದ್ದಾರೆ. ಅಲ್ಲ. ಅಂತರ್ಯುದ್ಧ ನಡೀತಿದ್ದಾಗ, 1864ರಲ್ಲಿ, ಎರಡು ಸೆಂಟಿನ ನಾಣ್ಯದ ಮೇಲೆ ಮೊದಲು ಬಂತು. ಅಧ್ಯಕ್ಷ ಥಿಯೊಡೋರ್ ರೂಸ್ವೆಲ್ಟ್ ದುಡ್ಡಿನ ಮೇಲೆ ದೇವರ ಹೆಸರು ಹಾಕೋದು ದೇವರಿಗೇ ಅಪಚಾರ ಅಂತ 1907ರ ಚಿನ್ನದ ನಾಣ್ಯದಿಂದ ಅದನ್ನು ತೆಗೆಸಿದ್ದ. ಮರುವರ್ಷವೇ ಕಾಂಗ್ರೆಸ್, ಅಂದರೆ ಇಲ್ಲಿನ ಸಂಸತ್ತು, ವಾಪಸ್ ಹಾಕಿಸಿತು. ರಾಷ್ಟ್ರದ ಘೋಷವಾಕ್ಯ ಆಗಿದ್ದು 1956ರಲ್ಲಿ, ದೇವರಿಲ್ಲ ಅನ್ನುವ ಸೋವಿಯತ್ತಿಗೆ ಎದುರಾಗಿ.

1970ರಲ್ಲಿ ಫೆಡರಲ್ ಮೇಲ್ಮನವಿ ಕೋರ್ಟೊಂದು ಇದು ದೇಶಭಕ್ತಿಯ, ಔಪಚಾರಿಕ ಮಾತು, ಸರ್ಕಾರ ಒಂದು ಧರ್ಮವನ್ನು ಸ್ಥಾಪಿಸಬಾರದು ಅನ್ನುವ ಸಂವಿಧಾನದ ನಿಯಮಕ್ಕೂ ಇದಕ್ಕೂ ಸಂಬಂಧವಿಲ್ಲ ಎಂದಿತು. ನನಗೆ ನಗು ಬರೋದು ಇಲ್ಲೇ. ಕೋರ್ಟಿನಲ್ಲಿ ‘ಇದರಲ್ಲಿ ಧರ್ಮವೇನಿಲ್ಲ’ ಅಂತ ಉಳಿಸಿಕೊಳ್ಳೋದು, ಹೊರಗೆ ಬಂದು ‘ಶಾಲೆಗೆ ದೇವರನ್ನು ವಾಪಸ್ ತಂದೆವು’ ಅಂತ ವೋಟು ಕೇಳೋದು. 2022ರಲ್ಲಿ ನಿಮ್ಮ ಪಕ್ಕದ ಸೌತ್‌ಲೇಕಿನಲ್ಲಿ ಪೋಷಕರೊಬ್ಬರು ಅದೇ ವಾಕ್ಯವನ್ನು ಅರಬ್ಬಿಯಲ್ಲಿ ಬರೆಸಿ ದಾನ ಕೊಡಲು ಹೋದರೆ, ‘ಎಲ್ಲ ಕಟ್ಟಡಕ್ಕೂ ಈಗಾಗಲೇ ಇದೆ’ ಅಂತ ಅಲ್ಲಿನ ಶಾಲಾ ಬೋರ್ಡು (ಆಡಳಿತ ಮಂಡಳಿ) ಬೇಡವೆಂದಿತು.

ದಶಾಜ್ಞೆಯ ಮಾತು ಬೇರೆ. ಕೆಂಟಕಿ ರಾಜ್ಯ ಹೀಗೇ ಕ್ಲಾಸುಗಳಲ್ಲಿ ಹಾಕಿಸಿದ್ದಾಗ 1980ರಲ್ಲಿ ಸುಪ್ರೀಂ ಕೋರ್ಟು ರದ್ದು ಮಾಡಿತ್ತು. ಅಲ್ಲೂ ದುಡ್ಡು ದಾನದ್ದೇ. ಆದರೆ ಆ ತೀರ್ಪು ನಿಂತಿದ್ದ, ಸರ್ಕಾರದ ನಡೆ ಧರ್ಮಕ್ಕೆ ಒತ್ತಾಸೆಯೇ ಅಂತ ಅಳೆಯುವ ಹಳೇ ಒರೆಗಲ್ಲನ್ನು 2022ರ ಫುಟ್‌ಬಾಲ್ ಕೋಚ್ ಪ್ರಾರ್ಥನೆ ಕೇಸಿನಲ್ಲಿ ಅದೇ ಕೋರ್ಟು ಕೈಬಿಟ್ಟಿದೆ. ಆ ಧೈರ್ಯದ ಮೇಲೆ 2024ರಲ್ಲಿ ಲೂಸಿಯಾನ, ಮರುವರ್ಷ ಟೆಕ್ಸಸ್.

ಮಂಡ್ಯದವಳು_ಟೆಕ್ಸಸ್:
ಸರ್, ಇಬ್ಬರಿಗೂ ಥ್ಯಾಂಕ್ಸ್. ಗುಮಾಸ್ತರ ಮಾತನ್ನು ನಮ್ಮೆಜಮಾನ್ರಿಗೆ ಓದಿ ಹೇಳಿದೆ. “ಟೀ ಕುಡಿಯೋಕೆ ಹೋಗೋರು” ಅನ್ನೋ ಕಡೆ ಸುಮ್ಮನಾದರು. ಆಫೀಸಿನ ಎದುರಿನ ಫ್ರೇಮಿನ ತಂಟೆಗೆ ಹೋಗಲ್ಲ. ಕ್ಲಾಸಿನದ್ದರ ಬಗ್ಗೆ ಬೋರ್ಡಿಗೆ ಬರೀತೀನಿ. ಪಕ್ಕದ ಬೀದಿಯ ಯಹೂದಿ ಹೆಂಗಸೂ ಸಹಿ ಹಾಕ್ತಾರಂತೆ. ಮೂಲದಲ್ಲಿ ಅದು ಅವರ ಗ್ರಂಥದ್ದೇ, ಆದರೂ ಪೋಸ್ಟರಿನಲ್ಲಿರುವ ಒಕ್ಕಣೆ ಅವರು ಓದುವಂಥದ್ದಲ್ಲವಂತೆ. ಕ್ಯೂ ತಮ್ಮಾ, ನಮ್ಮದಿನ್ನೂ ವೀಸಾನೇ. ಹೆದರಿಕೆ ಇದೆ.

ಜರ್ಸಿ_ವಕೀಲ:
ಬರೀರಿ. ಶಾಲೆಯಲ್ಲಿ ಓದುವ ಮಗುವಿನ ತಾಯಿ ಅಂದರೆ ಸಾಕು, ಬೋರ್ಡಿಗೆ ಪತ್ರ ಬರೆಯೋಕೆ ಪೌರತ್ವ ಬೇಕಿಲ್ಲ. ಮಗಳ ಹೆಸರು ಮಾತ್ರ ಹಾಕಬೇಡಿ, ಟೀಚರ್ ಹೆಸರೂ ಬೇಡ. ಪೋಸ್ಟರ್ ಹಾಕೋದು ಆಕೆಯ ತೀರ್ಮಾನ ಆಗಿರಲಿಲ್ಲ.

ಗ್ರೀನ್‌ಕಾರ್ಡ್_ಕ್ಯೂ:
ಕರಡು ಆದ ಮೇಲೆ ಇಲ್ಲಿ ಹಾಕಿ ಅಕ್ಕ. ನಾನಿರೋದೂ ಟೆಕ್ಸಸ್ಸೇ, ನಮ್ಮ ಹುಡುಗ ಮುಂದಿನ ವರ್ಷ ಕಿಂಡರ್‌ಗಾರ್ಟನ್.