ಹಳೇ ಲೇತ್ ಕೊಳ್ಳೋ ಮುಂಚೆ: ಹೆಡ್‌ಸ್ಟಾಕಿನ ಸದ್ದು ಎಲ್ಲಿಂದ ಬರ್ತಿದೆ?

ಪ್ರಶ್ನೆ: ಪೀಣ್ಯದಲ್ಲಿ ಒಂದು ಸೆಕೆಂಡ್ ಹ್ಯಾಂಡ್ ಆಲ್ ಗೇರ್ ಲೇತ್ (ಲೋಹ ತಿರುಗಿಸಿ ಕಡೆಯೋ ಮಷೀನು, ಸ್ಪೀಡ್ ಬದಲಾಗೋದು ಗೇರಿನಿಂದ) ನೋಡಿದ್ದೇನೆ. 6 ಅಡಿ ಬೆಡ್, 3 ಎಚ್‌ಪಿ ಮೋಟರ್. ಕಡಿಮೆ ಸ್ಪೀಡಲ್ಲಿ ಹೆಡ್‌ಸ್ಟಾಕಿಂದ (ಎಡಗಡೆ ಗೇರುಗಳಿರೋ ಪೆಟ್ಟಿಗೆ) ಟಕ್ ಟಕ್ ಅಂತ ಬರುತ್ತೆ, ಟಾಪ್ ಸ್ಪೀಡಲ್ಲಿ ಗುಂಯ್ ಅಂತ ಕೂಗುತ್ತೆ. "ಹಳೇ ಮಷೀನು, ಇಷ್ಟು ಸದ್ದು ಇದ್ದಿದ್ದೇ" ಅಂತಾರೆ ಮಾರೋರು. ನಾಡಿದ್ದು ಮತ್ತೆ ಹೋಗ್ತಿದ್ದೇನೆ, ಏನೇನು ನೋಡಬೇಕು ಸರ್?

ಉತ್ತರ: ನೇರ ಹಲ್ಲಿನ ಗೇರ್ ಇರೋ ಲೇತ್ ಹೊಸದಿದ್ದಾಗಲೂ ಸ್ವಲ್ಪ ಗೊರ್ ಅನ್ನುತ್ತೆ. ಆದರೆ ಆ ಸದ್ದು ಒಂದೇ ಸಮ ಇರಬೇಕು. ಎಣಿಸೋಕೆ ಬರೋ ಹಾಗೆ ಟಕ್ ಟಕ್ ಅಂದ್ರೆ ಎಲ್ಲೋ ಏಟು ಬಿದ್ದಿದೆ.

ನೀವು ಹೋಗೋವರೆಗೆ ಮಷೀನು ಓಡಿಸಬೇಡಿ ಅಂತ ಮೊದಲೇ ಹೇಳಿಡಿ. ಹೋದ ತಕ್ಷಣ ಹೆಡ್‌ಸ್ಟಾಕ್ ಮುಟ್ಟಿ ನೋಡಿ, ತಣ್ಣಗಿರಬೇಕು. ಕಡ್ಡಿ ಅದ್ದಿ ಎಣ್ಣೆ ಎತ್ತಿ ನೋಡಿ. ಸಾಮಾನ್ಯವಾಗಿ ಹಾಕೋದು 68 ನಂಬರ್ ಎಣ್ಣೆ, ಸರಾಗವಾಗಿ ಹರಿಯುತ್ತೆ. ಜೇನುತುಪ್ಪದ ಹಾಗೆ ಎಳೆ ಎಳೆಯಾಗಿ ಇಳಿದು, ಗಂಧಕದ ವಾಸನೆ ಬಂದರೆ ಸದ್ದು ಅಡಗಿಸೋಕೆ ಗೇರ್ ಎಣ್ಣೆ ಸುರಿದಿರಬಹುದು. ಹಾಗಿದ್ದರೆ ಈಗ ಕೇಳ್ತಿರೋದಕ್ಕಿಂತ ನಿಜವಾದ ಸದ್ದು ಜಾಸ್ತಿ.

ಇನ್ನು ಆ ಟಕ್. ಮೊದಲು ಎಡಗಡೆ ಬಾಗಿಲೊಳಗಿರೋ ಚೇಂಜ್ ಗೇರುಗಳನ್ನ (ಟೂಲ್ ಸಾಗಿಸೋ ಗೇರುಗಳು) ರಿವರ್ಸ್ ಲಿವರ್ ನ್ಯೂಟ್ರಲ್ ಮಾಡಿ ಬಿಡಿಸಿ. ಟಕ್ ನಿಂತರೆ ತೊಂದರೆ ಚಿಕ್ಕದು. ಎಷ್ಟೋ ಸಲ ಹಲ್ಲಿನ ಬುಡದಲ್ಲಿ ಒಂದು ಕಬ್ಬಿಣದ ಚೂರು ಒತ್ತಿ ಕೂತಿರುತ್ತೆ. ಮೇನ್ ಆಫ್ ಮಾಡಿ ಸ್ಕ್ರೈಬರ್ ತುದಿಯಿಂದ ಎಬ್ಬಿಸಿದರೆ ಮುಗೀತು. ಗೇರ್ ತೀರಾ ಒತ್ತಿ ಕೂರಿಸಿದ್ದರೆ ಕೂಗುತ್ತೆ. ನಡುವೆ ಒಂದು ಪದರ ಪೇಪರ್ ಇಟ್ಟು ಬಿಗಿ ಮಾಡಿ, ಪೇಪರ್ ತೆಗೆದರೆ ಬೇಕಾದ ಸಂದು ಸಿಗುತ್ತೆ.

ನಿಲ್ಲದಿದ್ದರೆ ಚಕ್ (ಕಡೆಯೋ ತುಂಡನ್ನ ಹಿಡಿಯೋ ಭಾಗ) ಮೇಲೆ ಬಳಪದಲ್ಲಿ ಗೆರೆ ಎಳೆದು ಅತಿ ಕಡಿಮೆ ಸ್ಪೀಡಲ್ಲಿ ಓಡಿಸಿ. ಗೆರೆ ಒಂದು ಸುತ್ತು ಬರೋಷ್ಟರಲ್ಲಿ ಒಂದೇ ಟಕ್ ಆದರೆ ಸ್ಪಿಂಡಲ್ (ಚಕ್ ತಿರುಗಿಸೋ ಮುಖ್ಯ ಶಾಫ್ಟ್) ಮೇಲಿನ ಗೇರಿನ ಹಲ್ಲು ಹಾರಿದೆ ಅಂತ ಅನುಮಾನಿಸಿ. ಎರಡು ಮೂರು ಟಕ್ ಆದರೆ ಹಿಂದಿನ, ಜೋರಾಗಿ ತಿರುಗೋ ಶಾಫ್ಟ್ ನೋಡಿ. ಆಮೇಲೆ ಮೇನ್ ಆಫ್ ಮಾಡಿ ಮೇಲಿನ ಮುಚ್ಚಳ ತೆಗೆಸಿ, ಚಕ್ ಕೈಯಲ್ಲಿ ತಿರುಗಿಸ್ತಾ ಟಾರ್ಚ್ ಬಿಟ್ಟು ಒಂದೊಂದೇ ಹಲ್ಲು ನೋಡಿ.

ಇನ್ನೊಬ್ಬರ ಉತ್ತರ: ಗುಂಯ್ ಅನ್ನೋದಕ್ಕೆ ಬೆಲ್ಟ್ ಕಳಚಿ ಮೋಟರ್ ಮಾತ್ರ ಓಡಿಸಿ. ಸದ್ದು ಹಾಗೇ ಇದ್ದರೆ ಸ್ವಿಚ್ ಆಫ್ ಮಾಡಿ ಕಿವಿಗೊಡಿ. ಕರೆಂಟ್ ಹೋದ ಕ್ಷಣವೇ ನಿಂತರೆ ವೈಂಡಿಂಗಿನದ್ದು ಅಥವಾ ಸಪ್ಲೈದು. ತಿರುಗಿ ನಿಲ್ಲೋವರೆಗೂ ಬಂದರೆ ಮೋಟರ್ ಬೇರಿಂಗ್. ಎರಡನೇದು ಸಣ್ಣ ಖರ್ಚು.

ಪ್ರಶ್ನೆ: ಮೋಟರ್ ಸರಿಯಿದ್ದು ಸ್ಪಿಂಡಲ್ಲೇ ಕೂಗ್ತಿದ್ದರೆ? ತಗೋಬಹುದಾ, ಬಿಡಬೇಕಾ?

ಉತ್ತರ: ಸ್ಪೀಡ್ ಲಿವರ್ ನ್ಯೂಟ್ರಲ್ ಮಾಡಿ ಚಕ್ ಕೈಯಲ್ಲಿ ನಿಧಾನ ತಿರುಗಿಸಿ. ಮರಳು ಸಿಕ್ಕ ಹಾಗೆ ಕರಕರ ಅಂದರೆ ಬೇರಿಂಗ್ ಗುಳಿ ಬಿದ್ದಿದೆ. ಡಯಲ್ (ಅಲುಗಾಟ ಅಳೆಯೋ ಮುಳ್ಳಿನ ಗೇಜು) ಬೇಸ್ ಬೆಡ್ ಮೇಲಿಟ್ಟು, ಕಡ್ಡಿ ಸ್ಪಿಂಡಲ್ ಮೂತಿಗೇ ತಾಗಿಸಿ, ಚಕ್ ಮೇಲೆ ಬೇಡ. ಚಕ್ಕಲ್ಲಿ ಒಂದಡಿ ಹೊರಗೆ ಚಾಚೋ ರಾಡ್ ಹಿಡಿಸಿ ಮೇಲಕ್ಕೆತ್ತಿ. 0.01-0.02 ಮಿಮೀ ಆಡಿದರೆ ಚಿಂತೆ ಬೇಡ, 0.05 ದಾಟಿದರೆ ಬೇರಿಂಗ್ ಸಡಿಲ ಅಥವಾ ಸವೆದಿದೆ.

ನೀವು ಬರೋ ಮುಂಚೆ ಮಾರೋರು ಸ್ಪಿಂಡಲ್ ಹಿಂದಿನ ನಟ್ ಬಿಗಿ ಮಾಡಿ ಈ ಆಟ (ಅಲುಗಾಟ) ಮುಚ್ಚಿರಬಹುದು. ಅದಕ್ಕೇ ಟಾಪ್ ಸ್ಪೀಡಲ್ಲಿ ಅರ್ಧ ಗಂಟೆ ಓಡಿಸಲೇಬೇಕು. ಮುಂದಿನ ಬೇರಿಂಗ್ ಇರೋ ಜಾಗದ ಎರಕದ ಮೇಲೆ ಅಂಗೈ ಇಡಿ. ಐದು ಸೆಕೆಂಡ್ ತಡೆಯೋಕಾಗದಷ್ಟು ಕಾದು, ಕೂಗೂ ಏರ್ತಿದ್ದರೆ ಬಿಟ್ಟು ಬನ್ನಿ.

ಖಾಲಿ ಓಡಿಸಿ ತೃಪ್ತಿಪಡಬೇಡಿ. 40 ಮಿಮೀ ಎಂಎಸ್ (ಮೆದು ಉಕ್ಕು) ರಾಡ್ ತಗೊಂಡು ಹೋಗಿ 2 ಮಿಮೀ ಕಟ್ ಹಾಕಿಸಿ. ಖಾಲಿ ಇದ್ದಾಗ ಸುಮ್ಮನಿದ್ದು ಕಟ್ ಬಿದ್ದಾಗ ದಡಬಡ ಅಂದರೆ ಬೇರಿಂಗಿನ ಹೊರಗಿನ ರೇಸ್ (ಉಂಗುರ) ಹೆಡ್‌ಸ್ಟಾಕ್ ತೂತಲ್ಲೇ ತಿರುಗ್ತಿರಬಹುದು. ಅದಕ್ಕೆ ಬೋರ್ ಮಾಡಿ ಸ್ಲೀವ್ ಹಾಕಬೇಕು, ಸ್ಪಿಂಡಲ್ ಸೆಂಟರ್ ಬೆಡ್ಡಿಗೆ ನೇರ ಕೂರಿಸೋದು ಕಷ್ಟ. ಎಷ್ಟು ಬೆಲೆ ಇಳಿಸಿದರೂ ಬೇಡ.

ಹಲ್ಲು ಹಾರಿದ ಒಂದು ಗೇರು ಮಾತ್ರ ಆದರೆ ಧೈರ್ಯವಾಗಿ ಚೌಕಾಸಿ ಮಾಡಿ. ಪೀಣ್ಯದಲ್ಲೇ ಗೇರ್ ಕಟಿಂಗ್ ಮಾಡೋರಿದ್ದಾರೆ, ಹಳೇ ಗೇರು ಕೊಟ್ಟರೆ ಅದರಂತೆ ಕತ್ತರಿಸಿ ಕೊಡ್ತಾರೆ. ಆದರೆ ಹಾರಿದ ಚೂರು ಎಲ್ಲಿ ಅಂತ ಹುಡುಕಿ. ಡ್ರೈನ್ ಪ್ಲಗ್ ಬಿಚ್ಚಿ ಎಣ್ಣೆ ಇಳಿಸಿ ಅಯಸ್ಕಾಂತ ಆಡಿಸಿ. ಬೂದಿಯಂಥ ಪುಡಿ ಸವೆತದ್ದು, ಇರುತ್ತೆ. ಹೊಳೆಯೋ ಚಕ್ಕೆಗಳು ಸಿಕ್ಕರೆ ಅವು ಬೇರಿಂಗಿನೊಳಗೂ ಹೋಗಿರಬಹುದು, ಬೇರಿಂಗ್ ಖರ್ಚನ್ನೂ ಸೇರಿಸಿಯೇ ಬೆಲೆ ಕೇಳಿ.