ಅಪ್ಪನ ನೋಟ್‌ಬುಕ್ಕಿಗೂ ನನ್ನ ಸ್ಕ್ಯಾನರ್ ಲಾಗಿಗೂ ಅರ್ಧ ಗಂಟೆ ವ್ಯತ್ಯಾಸ, ಯಾಕೆ?

ಮಿಲ್ಬ್ರೇವಾಸಿ:
ನಮಸ್ಕಾರ. ಸ್ಯಾನ್ ಫ್ರಾನ್ಸಿಸ್ಕೋ ಏರ್‌ಪೋರ್ಟ್ ಪಕ್ಕದ ಮಿಲ್ಬ್ರೇಯಲ್ಲಿದ್ದೇನೆ. ಜೂನ್‌ನಲ್ಲಿ ಅಪ್ಪ ಊರಿಂದ ಬಂದರು. ಅರಸೀಕೆರೆ ಕಡೆ ಸ್ಟೇಷನ್ ಮಾಸ್ಟರ್ ಆಗಿದ್ದವರು, ಸುಮ್ನೆ ಕೂರುವ ಜಾತಿಯಲ್ಲ. ಹೊತ್ತು ಹೋಗಲಿ ಅಂತ ಯೂನಿಡೆನ್ ಬಿಸಿ125ಎಟಿ ಸ್ಕ್ಯಾನರ್ (ಚಾನೆಲ್‌ಗಳನ್ನು ಒಂದೊಂದಾಗಿ ತಡಕಿ ಮಾತು ಕೇಳಿಸುವ ರೇಡಿಯೋ) ತಂದುಕೊಟ್ಟೆ. ಈಗ ಬಾಲ್ಕನಿಯಲ್ಲಿ ಕೂತು 120.5 ಮೆಗಾಹರ್ಟ್ಸ್‌ನಲ್ಲಿ ಟವರ್‌ನವರ ಮಾತು ಕೇಳುತ್ತಾರೆ. ಯಾವ ವಿಮಾನ ಎಷ್ಟು ಹೊತ್ತಿಗೆ ಇಳಿಯಿತು ಅಂತ ಗೆರೆ ಎಳೆದ ನೋಟ್‌ಬುಕ್ಕಿನಲ್ಲಿ ಬರೆಯುತ್ತಾರೆ.

ಅವರು ಮಲಗಿದಾಗಲೂ ಲೆಕ್ಕ ತಪ್ಪದಿರಲಿ ಅಂತ ಸ್ಕ್ಯಾನರಿಗೆ ಯುಎಸ್‌ಬಿ ಕೇಬಲ್ ಚುಚ್ಚಿ ಲ್ಯಾಪ್‌ಟಾಪಿಗೆ ಸೇರಿಸಿದೆ. ಹೆಡ್‌ಫೋನ್ ಜ್ಯಾಕಿಂದ ಆಡಿಯೋನೂ ರೆಕಾರ್ಡ್ ಆಗುತ್ತದೆ. ಪೈಥಾನ್‌ನಲ್ಲಿ ಬರೆದ ಚಿಕ್ಕ ಪ್ರೋಗ್ರಾಂ ಸೆಕೆಂಡಿಗೆ ಐದು ಸಲ, ಈಗ ಯಾವ ಚಾನೆಲ್ ಮಾತಾಡುತ್ತಿದೆ ಅಂತ ವಿಚಾರಿಸುವ ‘ಜಿಎಲ್‌ಜಿ’ ಕಮಾಂಡ್ ಕಳಿಸುತ್ತದೆ. ಸ್ಕ್ವೆಲ್ಚ್ (ಸಿಗ್ನಲ್ ಇಲ್ಲದಾಗ ಸದ್ದು ಮುಚ್ಚಿಡುವ ಬಾಗಿಲು) ತೆರೆದಿದ್ದರೆ ಫ್ರೀಕ್ವೆನ್ಸಿ, ಚಾನೆಲ್ ಹೆಸರು ಬರುತ್ತದೆ. ಅದನ್ನು ಟೈಮ್ ಸಮೇತ ಫೈಲಿಗೆ ಸೇರಿಸುತ್ತೇನೆ.

ಎರಡು ತಲೆನೋವು. ಬೆಳಿಗ್ಗೆ ನೋಡಿದರೆ ಸಾವಿರಾರು ಸಾಲು, ಎಲ್ಲವೂ 118.85. ಇನ್ನೊಂದು, ನಿನ್ನೆ ಸಂಜೆ ಒಂದು ವಿಮಾನ ಇಳಿಯಲು ಬಂದು ಮತ್ತೆ ಮೇಲೇರಿತು. ನನ್ನ ಲಾಗಿನಲ್ಲಿ 7:10, ಅಪ್ಪನ ಪುಸ್ತಕದಲ್ಲಿ 7:40. ದಿನಾ ಇದೇ ಅರ್ಧ ಗಂಟೆ. ‘ನಿನ್ನ ಕಂಪ್ಯೂಟರ್ ಲೇಟು’ ಅಂತಾರೆ.

ಹಳೇ ಆಂಟೆನಾ:
118.85 ಅಂದರೆ ಏಟಿಸ್ ಅಲ್ವಾ? ಗಾಳಿ, ಮೋಡ, ರನ್‌ವೇ ವಿವರವನ್ನು ರೆಕಾರ್ಡ್ ಮಾಡಿ ಇಡೀ ದಿನ ತಿರುಗಾ ಮುರುಗಾ ಹಾಕುತ್ತಾರೆ. ಅದು ನಿಲ್ಲುವುದೇ ಇಲ್ಲ, ಸ್ಕ್ಯಾನರ್ ಅಲ್ಲೇ ಅಂಟಿಕೊಳ್ಳುತ್ತದೆ. ಆ ಚಾನೆಲ್ ಲಾಕೌಟ್ ಮಾಡಿ, ಸ್ಕ್ಯಾನರ್ ಅದನ್ನು ಬಿಟ್ಟು ಮುಂದೆ ಹೋಗುತ್ತದೆ.

ಪ್ರೋಗ್ರಾಂ ವಿಚಾರಿಸಿದಾಗಲೆಲ್ಲ ಒಂದು ಸಾಲು ಬರೆಯಬೇಡಿ. ಸ್ಕ್ವೆಲ್ಚ್ ತೆರೆದಾಗ ಟೈಮ್ ಹಿಡಿದುಕೊಳ್ಳಿ. ಮುಚ್ಚಿ ಮೂರು ಸೆಕೆಂಡ್ ಆದ ಮೇಲೆ ಬರೆಯಿರಿ. ಟವರ್ ಹೇಳಿದ್ದನ್ನು ಪೈಲಟ್ ತಕ್ಷಣ ತಿರುಗಿ ಹೇಳುತ್ತಾನಲ್ಲ, ಎರಡೂ ಸೇರಿ ಒಂದೇ ಸಾಲಾಗುತ್ತದೆ. ಅರ್ಧ ಗಂಟೆಯ ಕಥೆ ನನಗೂ ಅರ್ಥವಾಗಲಿಲ್ಲ.

ಕಾಫಿಪುಡಿ:
ನಿಮ್ಮ ತಂದೆಯವರ ಕೈಯಲ್ಲಿರುವುದು ಮುಳ್ಳಿನ ಗಡಿಯಾರವಾ? ಅದನ್ನು ಇಲ್ಲಿನ ಟೈಮಿಗೆ ತಿರುಗಿಸಿದ್ದಾರಾ? ಈಗ ನಿಮಗೂ ಊರಿಗೂ 12 ಗಂಟೆ 30 ನಿಮಿಷ ಅಂತರ. ಮುಳ್ಳಿಗೆ ಬೆಳಿಗ್ಗೆ ಸಂಜೆ ಗೊತ್ತಾಗಲ್ಲ, ಅರ್ಧ ಗಂಟೆ ಮಾತ್ರ ಉಳಿಯುತ್ತದೆ. ನವೆಂಬರ್‌ನಲ್ಲಿ ಇಲ್ಲಿನ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹಾಕಿದರೆ ಅದು ಒಂದೂವರೆ ಗಂಟೆ ಆಗುತ್ತದೆ. ಲಾಗನ್ನು ಯುಟಿಸಿಯಲ್ಲೇ (ಜಗತ್ತಿಗೆಲ್ಲ ಒಂದೇ ಆದ ಸಮಯ) ಇಡಿ, ವಿಮಾನದವರ ಲೆಕ್ಕವೂ ಅದೇ.

ಮಿಲ್ಬ್ರೇವಾಸಿ:
ಅಯ್ಯೋ, ಅದೇ! ಹಳೇ ಎಚ್‌ಎಂಟಿ. ಬಂದಾಗಿನಿಂದ ಮುಟ್ಟಿಲ್ಲ. ಕೇಳಿದರೆ, ‘ನಿಮ್ಮಮ್ಮ ಎದ್ದಿದ್ದಾಳಾ ಇಲ್ವಾ ಅಂತ ನನಗೆ ಗೊತ್ತಾಗಬೇಡ್ವಾ?’ ಅಂದರು.

ಏಟಿಸ್ ಲಾಕ್ ಮಾಡಿದೆ. ನಿನ್ನೆ ರಾತ್ರಿ ಬರೀ 212 ಸಾಲು. ಫೈಲಿನಲ್ಲಿ ಯುಟಿಸಿ, ಪಕ್ಕದಲ್ಲಿ ಅಪ್ಪನ ಟೈಮಿಗೆ ಒಂದು ಕಾಲಂ. ಅವರು ಪ್ರಿಂಟ್ ತೆಗೆಸಿಕೊಂಡು ಕೆಂಪು ಪೆನ್ನಲ್ಲಿ ಟಿಕ್ ಹಾಕುತ್ತಾ ಕೂತಿದ್ದಾರೆ. ಆಗಲೇ ಎರಡು ಕಡೆ ಪ್ರಶ್ನೆ ಗುರುತು ಬಿದ್ದಿದೆ.